ಉರಿದ ಬಲ್ಬು ಸಾಕ್ಷಿಯಲ್ಲ

ಮನೆಯ ವೈರಿಂಗ್ ಮುಗಿದ ದಿನ ವೈರ್‌ಮನ್ ಹೋಲ್ಡರಿಗೆ ಹಾಕಿದ 100 ವ್ಯಾಟ್ ಬಲ್ಬಿನ ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥಿಗೂ ಮುಟ್ಟಿಸುತ್ತಾನೆ. ಬಲ್ಬು ಝಗ್ಗನೆ ಉರಿಯುತ್ತದೆ. ‘ಅರ್ಥಿಂಗ್ ಚೆನ್ನಾಗಿದೆ ಸಾರ್’ ಎನ್ನುತ್ತಾನೆ. ತಲೆಮಾರುಗಳಿಂದ ನಂಬಿಕೊಂಡು ಬಂದ ಈ ಪರೀಕ್ಷೆ ಆ ನಂಬಿಕೆಗೆ ಯೋಗ್ಯವಲ್ಲ.

ಲೆಕ್ಕ ಹಾಕಿ ನೋಡಿ. 230 ವೋಲ್ಟಿನಲ್ಲಿ ಉರಿಯುವ ಆ ಬಲ್ಬಿನ ರೋಧ ಸುಮಾರು 530 ಓಂ. ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಗುಂಡಿ ಒಣಗಿ ಅರ್ಥಿನ ರೋಧ 50 ಓಂಗೆ ಏರಿದ್ದರೂ ಬಲ್ಬಿಗೆ 200 ವೋಲ್ಟಿನ ಮೇಲೆಯೇ ಸಿಗುತ್ತದೆ. ಪಕ್ಕದಲ್ಲಿ ಇನ್ನೊಂದು ಬಲ್ಬಿಟ್ಟು ಹೋಲಿಸದ ಹೊರತು ಮಂಕಾದದ್ದು ಕಣ್ಣಿಗೆ ಬೀಳುವುದು ಕಷ್ಟ. ಅದೇ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೈಗೆ ಫೇಸ್ ತಗುಲಿದರೆ ಮಣ್ಣಿಗಿಳಿಯುವುದು ನಾಲ್ಕೂವರೆ ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳುವುದಿಲ್ಲ. ಪೆಟ್ಟಿಗೆಯ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ.

ಬಲ್ಬು ಉರಿಯಿತಲ್ಲ ಎಂಬ ಧೈರ್ಯದಿಂದಲೇ ನ್ಯೂಟ್ರಲ್ ಕಟ್ಟಾದ ರಾತ್ರಿ ಲೋಡನ್ನು ಅರ್ಥಿಗೆ ಕೊಡುತ್ತಾರೆ. ನಮ್ಮ ಚಿಕ್ಕಮ್ಮನ ಮನೆಯಲ್ಲೂ ಹೀಗೇ ಮಾಡಿದ್ದರು. ಬೆಳಿಗ್ಗೆ ನೀರು ಕಾಯಿಸಲು ಕಾಯಿಲ್ ಹಾಕಿ ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟಾಗ ಅವರಿಗೆ ಶಾಕ್ ಹೊಡೆಯಿತು. 1000 ವ್ಯಾಟಿನ ಕಾಯಿಲಿನ ರೋಧ 53 ಓಂ. ಅರ್ಥಿನದೂ 50ರ ಆಸುಪಾಸಿದ್ದರೆ ಎರಡೂ ವೋಲ್ಟೇಜನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಆಗ ಅರ್ಥ್ ಪೈಪಿಗೂ ಅದಕ್ಕೆ ಕಟ್ಟಿದ ಪ್ರತಿ ಹಸಿರು ವೈರಿಗೂ ಸುಮಾರು 110 ವೋಲ್ಟ್ ಬರುತ್ತದೆ. ಕಾಪಾಡಬೇಕಾದ ತಂತಿಯೇ ಮನೆಯೆಲ್ಲ ಶಾಕ್ ಹರಡುತ್ತದೆ.

ಇಷ್ಟು ಹೇಳಿದರೆ ಓದಿಕೊಂಡವರು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳನ್ನು ಮುಂದಿಡುತ್ತಾರೆ: ಲಾಯ್ಡ್ ಮ್ಯಾಂಡೆನೊ 1925ರ ಸುಮಾರಿಗೆ ರೂಪಿಸಿದ ಒಂಟಿತಂತಿ ಲೈನಿನಲ್ಲಿ ಕರೆಂಟು ಮಣ್ಣಿನಲ್ಲೇ ಮರಳುವುದಿಲ್ಲವೇ? ಮರಳುತ್ತದೆ, ಆ ಜಾಣ್ಮೆಗೆ ನನ್ನ ಗೌರವವಿದೆ. ಆದರೆ ಈ ವಾದ ಅರ್ಧ ಓದಿನದು. ಆಸ್ಟ್ರೇಲಿಯಾದ 19,100 ವೋಲ್ಟಿನ ಲೈನಿನಲ್ಲಿ 10 ಕೆವಿಎ ಟ್ರಾನ್ಸ್‌ಫಾರ್ಮರ್ ಮಣ್ಣಿಗೆ ಬಿಡುವುದು ಸುಮಾರು ಅರ್ಧ ಆಂಪಿಯರ್. ಅಷ್ಟಕ್ಕೂ ಅರ್ಥಿನ ರೋಧವನ್ನು ಅಳೆದೇ ಕೂರಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ದಾಟಿ ಮನೆಗೆ ಬರುವ ಸರ್ವಿಸ್ ಲೈನಿಗೆ ಅಲ್ಲೂ ನ್ಯೂಟ್ರಲ್ ತಂತಿ ಇದ್ದೇ ಇದೆ. ನಮ್ಮ ಒಂದು ಕಾಯಿಲ್ 230 ವೋಲ್ಟಿಗೇ ನಾಲ್ಕು ಆಂಪಿಯರಿಗೂ ಹೆಚ್ಚು ಬೇಡುತ್ತದೆ. ಹೋಲಿಸುವವರು ಈ ಅಂತರವನ್ನು ಹಾರಿಸಿಯೇ ಮಾತಾಡುತ್ತಾರೆ.

ಕರೆಂಟನ್ನು ಭೂಮಿ ನುಂಗುವುದಿಲ್ಲ. ಅದು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲಿಗೆ ಮರಳಲೇಬೇಕು. ಮಣ್ಣಿನ ದಾರಿ ಕಿರಿದು, ಬೇಸಿಗೆಯಲ್ಲಿ ಇನ್ನೂ ಕಿರಿದು. ಬಲ್ಬಿನ ಪರೀಕ್ಷೆ ಅರ್ಥ್ ವೈರು ತುಂಡಾಗಿಲ್ಲವೆಂದು ಹೇಳಬಲ್ಲದು, ಅದಕ್ಕಿಂತ ಹೆಚ್ಚೇನನ್ನೂ ಅಲ್ಲ. ಜೀವ ಉಳಿಸುವುದು ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಗುಂಡಿಯ ನಿಜ ಹೇಳುವುದು ಅರ್ಥ್ ಟೆಸ್ಟರ್. ಇನ್ನು ಮುಂದೆ ಬಲ್ಬು ಉರಿಸಿ ತೋರಿಸಿದರೆ ಒಂದೇ ಮಾತು ಕೇಳಿ: ಎಷ್ಟು ಓಂ?