ಕಿಟ್ಟೆಲರ ಕೋಶವೂ ಅವರಿಗೆ ಬಂದ ಕರೆಯೂ

ಜರ್ಮನಿಯ ರೆವರೆಂಡ್ ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಕನ್ನಡನಾಡಿಗೆ ಬಂದುದು ಸುವಾರ್ತೆಯನ್ನು ಸಾರುವುದಕ್ಕೆ, ನಿಘಂಟನ್ನು ರಚಿಸುವುದಕ್ಕಲ್ಲ. ಅವರ ಹೆಸರು ಉಳಿದಿರುವುದಾದರೋ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ಕೋಶದಿಂದ. ಆದುದರಿಂದ ಧರ್ಮಪ್ರಚಾರವು ಅವರಿಗೆ ನೆಪಮಾತ್ರವಾಗಿತ್ತೆಂದು ಹೊಗಳುವವರುಂಟು. ಈ ಹೊಗಳಿಕೆ ನ್ಯಾಯವಾದುದಲ್ಲ. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಕಟ್ಟಿದವರು ಅವರು. ಕೇಳುವವರ ನುಡಿಯಲ್ಲಿಯೇ ಹೇಳಬೇಕೆಂಬ ಹಟವೇ ಅವರನ್ನು ಕೇಶಿರಾಜನ ಬಳಿಗೂ ನಾಗವರ್ಮನ ಬಳಿಗೂ ಎಳೆದೊಯ್ದಿರಬೇಕು.

ಕೋಶದ ಹಿರಿಮೆಯು ಅದರ ಗಾತ್ರದಲ್ಲಿಲ್ಲ. ಹಳಗನ್ನಡದ ಕಾವ್ಯಪ್ರಯೋಗವೂ ಬೀದಿಯ ಗಾದೆಯೂ ಅಲ್ಲಿ ಪಂಕ್ತಿಭೇದವಿಲ್ಲದೆ ಕುಳಿತಿವೆ. ಗ್ರಾಮ್ಯವೆಂದು ಪಂಡಿತರು ಮೂಗು ಮುರಿಯುತ್ತಿದ್ದ ಮಾತಿಗೂ ಸಾಕ್ಷ್ಯವೆಂಬ ಮರ್ಯಾದೆ ದೊರೆಯಿತು. ಪಾಠಶಾಲೆಗಳು ಮಾಡಬೇಕಾಗಿದ್ದ ಕೆಲಸವಿದು, ಮಾಡಲಿಲ್ಲ.

ದೋಷವಿಲ್ಲವೆಂದಲ್ಲ. ಸಂಸ್ಕೃತದೊಳಗಣ ಹಲವು ಶಬ್ದಗಳು ದ್ರಾವಿಡಮೂಲದವೆಂದು ಪೀಠಿಕೆಯಲ್ಲಿ ಪಟ್ಟಿಮಾಡಿದ್ದಾರೆ. ಶಾಸ್ತ್ರಿಗಳಿಗೆ ಇದು ಸಹಿಸದ ಮಾತು. ಆದರೆ 'ಮೀನ', 'ನೀರ'ಗಳಂಥವುಗಳಲ್ಲಿ ಮುಂದಿನ ವಿದ್ವಾಂಸರೂ ಆ ಪಕ್ಷವನ್ನೇ ಹಿಡಿದರು. ಧ್ವನಿಸಾಮ್ಯವೊಂದನ್ನೇ ನಂಬಿ ನಡೆದ ಕಡೆಗಳಲ್ಲಿ ಮಾತ್ರ ಅವರ ವ್ಯುತ್ಪತ್ತಿ ನಿಲ್ಲದು.

ಸ್ವದೇಶಕ್ಕೆ ಮರಳಿದ್ದ ಕಿಟ್ಟೆಲರು 1883ರಲ್ಲಿ, ಐವತ್ತು ದಾಟಿದ ಮೇಲೆ, ಪುನಃ ಹಡಗನ್ನೇರಿದ್ದು ಈ ಕೋಶಕ್ಕಾಗಿಯೇ. ಮೊದಲ ಪ್ರಯಾಣದ ಕರೆಯನ್ನು ವಿಸ್ತಾರವಾಗಿ ವರ್ಣಿಸುವ ಚರಿತ್ರಕಾರರು ಎರಡನೆಯದನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ವಿಚಿತ್ರ. 1903ರಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಅವರ ಕನ್ನಡ ವ್ಯಾಕರಣವು ಮಂಗಳೂರಿನಲ್ಲಿ ಪ್ರಕಟವಾದುದೂ ಅದೇ ವರ್ಷ.