ನರ್ತನವೂ ರೇಖೆಯೂ

ನರ್ತನವು ಕಾಲದಲ್ಲಿ ಹರಿಯುವ ಕಲೆ. ಚಿತ್ರವು ಹಾಳೆಯ ಮೇಲೆ ನಿಲ್ಲುವ ಕಲೆ. ಚಲನೆಯನ್ನು ನಿಶ್ಚಲವಾದುದರಲ್ಲಿ ಹಿಡಿಯುವ ಬಗೆ ಯಾವುದು? ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಈ ಪ್ರಶ್ನೆ ಪ್ರಬಲವಾಗಿ ತಲೆಯೆತ್ತಿತು. ದೆಗಾ ಬ್ಯಾಲೆ ನರ್ತಕಿಯರನ್ನು ರಂಗದ ಮೇಲೆ ಮಾತ್ರವಲ್ಲದೆ ಅಭ್ಯಾಸದ ಕೊಠಡಿಯಲ್ಲಿ, ದಣಿದು ಕುಳಿತ ವೇಳೆಯಲ್ಲಿಯೂ ಚಿತ್ರಿಸಿದನು. ತುಲೂಸ್-ಲೋತ್ರೆಕ್ 1893ರಲ್ಲಿ ಲೋಯಿ ಫುಲ್ಲರಳ ರೇಷ್ಮೆಯ ನರ್ತನವನ್ನು ಕಲ್ಲಚ್ಚಿಗೆ ಇಳಿಸಿ, ಸುಮಾರು 60 ಪ್ರತಿಗಳಿಗೂ ಬೇರೆ ಬೇರೆ ವರ್ಣಚ್ಛಾಯೆಯನ್ನು ಕೊಟ್ಟನು. ಅಲ್ಲಿ ನರ್ತಕಿಯ ದೇಹ ಬಹುಮಟ್ಟಿಗೆ ಮರೆಯಾಗಿ, ವಸ್ತ್ರವೇ ಮೋಡದಂತೆ ಮೇಲೇಳುತ್ತದೆ. ಜಿಡ್ಡು ಮತ್ತು ನೀರು ಒಂದನ್ನೊಂದು ಸೇರಗೊಡವೆಂಬುದೇ ಕಲ್ಲಚ್ಚಿನ ತತ್ತ್ವ. ಕೊರೆಯುವ ಕೆಲಸವಿಲ್ಲದ ಕಾರಣ ಕೈಯ ಕಂಪನ ಕೂಡ ಕಾಗದಕ್ಕೆ ಬರುತ್ತದೆ.

ಇದೇ ಪ್ರಶ್ನೆಗೆ ಕೇವಲ ಮಸಿಯ ಗೆರೆಯಿಂದ ಉತ್ತರ ಹುಡುಕಿದ ಕನ್ನಡಿಗರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996). ಉಡುಪಿಯ ಬಳಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಅನಂತರ ಪ್ಯಾರಿಸಿನಲ್ಲಿಯೂ ಕಲಿತ ಅವರು, ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದ್ದರು. ಈ ಸಂಗತಿ ವಿಮರ್ಶೆಗೆ ಮುಖ್ಯವಾದುದು. ಪ್ಯಾರಿಸಿನ ಆ ಇಬ್ಬರೂ ನರ್ತನವನ್ನು ನೋಡಿ ಬರೆದರು. ಹೆಬ್ಬಾರರು ನರ್ತಿಸಿಯೂ ಬರೆದರು. ಅವರ ಉತ್ತಮ ರೇಖಾಚಿತ್ರಗಳಲ್ಲಿ ಮುಖದ ವಿವರ ವಿರಳ. ಬೆನ್ನಿನ ಬಾಗು, ತೋಳಿನ ಬೀಸು, ನೆಲ ಮೆಟ್ಟಿದ ಪಾದ—ಇಷ್ಟೇ. ಆದರೂ ದೇಹದ ಭಾರ ಯಾವ ಕಾಲಿನ ಮೇಲಿದೆ ಎಂಬುದು ನೋಡುವವನಿಗೆ ತಿಳಿಯುತ್ತದೆ.

ಅವರ ರೇಖಾಚಿತ್ರಗಳ ಸಂಪುಟ 1964ರಲ್ಲಿ ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಪ್ರಕಟವಾಯಿತು. ಹೆಸರು ಮನೋಹರವಾದುದೇ, ಆದರೆ ಅದು ಪ್ರಶಂಸೆಯನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಹಾಡಿಗೆ ಹರಿವು ಹೇಗೋ ನರ್ತನಕ್ಕೆ ತಾಳ ಹಾಗೆ. ಕಥಕ್‌ನಲ್ಲಿ ಸುತ್ತಿ ಸುತ್ತಿ ಬಂದ ನರ್ತಕನು ‘ಸಮ’ದ ಮೇಲೆ ಥಟ್ಟನೆ ನಿಲ್ಲುತ್ತಾನೆ, ಅದುವರೆಗಿನ ವೇಗಕ್ಕೆ ಅರ್ಥ ಬರುವುದು ಆ ನಿಲುಗಡೆಯಲ್ಲಿ. ಹೆಬ್ಬಾರರ ಗೆರೆ ಎಲ್ಲಿ ತಡೆದು, ದಪ್ಪವಾಗಿ, ತುಂಡಾಗಿ ಮತ್ತೆ ಹೊರಡುತ್ತದೆಯೋ ಅಲ್ಲಿ ನರ್ತನವಿದೆ. ಎಲ್ಲಿ ಅಡೆತಡೆಯಿಲ್ಲದೆ ಸಮನಾಗಿ ಹರಿಯುತ್ತದೆಯೋ ಅಲ್ಲಿ ಲಾಲಿತ್ಯ ಉಳಿದು ನರ್ತನ ಜಾರಿಹೋಗುತ್ತದೆ. ನರ್ತಕಿ ಕೇವಲ ಅಲಂಕಾರವಾಗುತ್ತಾಳೆ. ಅವರನ್ನು ಅನುಕರಿಸುವ ಕೈಗಳಿಗೆ ದಕ್ಕುವುದು ಬಹುಶಃ ಈ ಎರಡನೆಯ ಗುಣವೇ; ಏಕೆಂದರೆ ಹರಿವನ್ನು ಕಣ್ಣು ಕಲಿಯಬಲ್ಲದು, ತಾಳವನ್ನು ಕಾಲೇ ಕಲಿಯಬೇಕು.

ದೆಹಲಿಯ ಜಯಪುರ ಭವನದಲ್ಲಿ 1954ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹದಲ್ಲಿ ಹೆಬ್ಬಾರರ ಕೃತಿಗಳಿವೆ. ನಾಡಿನವರೆಂಬ ಅಭಿಮಾನದಿಂದ ಅವುಗಳೆದುರು ನಿಲ್ಲುವುದು ಸಹಜ. ಆದರೆ ಅಭಿಮಾನವು ವಿವೇಚನೆಗೆ ಬದಲಿಯಾಗಲಾರದು. ಅವರ ಗೆರೆ ಎಷ್ಟು ಇಂಪಾಗಿ ಹರಿಯಿತೆಂಬುದಕ್ಕಿಂತ ಎಲ್ಲಿ, ಏಕೆ ನಿಂತಿತೆಂಬುದನ್ನು ಗಮನಿಸುವ ರಸಿಕನೇ ಆ ಕಲಾವಿದರಿಗೆ ನಿಜವಾದ ಗೌರವ ಸಲ್ಲಿಸಿದವನು.