ಒಂದೇ ಓದು, ಆಮೇಲೆ ಮಗುವಿನ ಮಾತು

‘ಹೋಮ್ ಎಜುಕೇಶನ್’ ಪ್ರಕಟವಾದ 1886ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆ ಸರ್ಕಾರಿ ಅನುದಾನ ಸಿಗುತ್ತಿದ್ದದ್ದು ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶ ನೋಡಿ. ಇನ್‌ಸ್ಪೆಕ್ಟರ್ ಮುಂದೆ ಮಕ್ಕಳು ಓದು, ಬರಹ, ಲೆಕ್ಕ ಒಪ್ಪಿಸಬೇಕಿತ್ತು. ಅಂಥ ಕಾಲದಲ್ಲಿ ಈ ಪುಸ್ತಕ ಬರೆದ ಶಿಕ್ಷಕಿ ಶಾರ್ಲಟ್ ಮೇಸನ್, ಆರು ವರ್ಷ ತುಂಬುವವರೆಗೆ ಮಗುವಿಗೆ ಕ್ರಮಬದ್ಧ ಪಾಠವೇ ಬೇಡವೆಂದರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಹವೆ ತಕ್ಕಮಟ್ಟಿಗೆ ಚೆನ್ನಾಗಿರುವ ದಿನಗಳಲ್ಲೆಲ್ಲ, ನಾಲ್ಕರಿಂದ ಆರು ಗಂಟೆ ಮಕ್ಕಳು ಬಯಲಿನಲ್ಲಿರಲಿ ಎಂದರು. ಆ ಧೈರ್ಯಕ್ಕೆ ಇಂದಿಗೂ ಬೆಲೆಯಿದೆ.

ಆದರೆ ಮೇಸನ್ ಪದ್ಧತಿಯ ಜೀವಾಳ ಇರುವುದು ಪುನರ್ಕಥನದಲ್ಲಿ. ಆರು ದಾಟಿದ ಮಗುವಿಗೆ ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಒಂದೇ ಸಲ ಓದಿ ಹೇಳಬೇಕು. ಮಗು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು. ಪ್ರಶ್ನೋತ್ತರವಿಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ, ನಡುವೆ ಬಾಯಿ ಹಾಕಿ ತಿದ್ದುವಂತಿಲ್ಲ. ಎರಡನೆಯ ಓದು ಸಿಗದೆಂದು ಗೊತ್ತಿರುವ ಮಗು ಕಿವಿಗೊಟ್ಟು ಕೇಳುತ್ತದೆ. ಏನನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬುದನ್ನು ತಾನೇ ನಿರ್ಧರಿಸುತ್ತದೆ. ಗಮನ, ನೆನಪು, ಭಾಷೆ ಮೂರೂ ಒಟ್ಟಿಗೆ ದುಡಿಯುವ ಇಷ್ಟು ಸರಳವಾದ, ಇಷ್ಟು ಖರ್ಚಿಲ್ಲದ ಅಭ್ಯಾಸ ಇನ್ನೊಂದು ಸಿಗುವುದು ಕಷ್ಟ. ಪಾಠಗಳೂ ಚಿಕ್ಕವು: ಎಂಟರೊಳಗಿನ ಮಕ್ಕಳಿಗೆ ಇಪ್ಪತ್ತು ನಿಮಿಷ ಮೀರುವುದಿಲ್ಲ.

ಕೊರತೆ ಕಾಣುವುದು ಮನೆಯ ಕಲ್ಪನೆಯಲ್ಲಿ. ಸ್ವಂತ ಮಕ್ಕಳಿಲ್ಲದ ಮೇಸನ್ ಬರೆದದ್ದು ಮುಖ್ಯವಾಗಿ ದಾದಿಯನ್ನೂ ಮನೆಪಾಠದ ಶಿಕ್ಷಕಿಯನ್ನೂ ಇಟ್ಟುಕೊಳ್ಳಬಲ್ಲ ಕುಟುಂಬಗಳಿಗೆ. 1892ರಲ್ಲಿ ಆಂಬಲ್‌ಸೈಡ್‌ನಲ್ಲಿ ಅಂಥ ಶಿಕ್ಷಕಿಯರ ತರಬೇತಿಗೆಂದೇ ಸಂಸ್ಥೆ ತೆರೆದರು. 1984ರಲ್ಲಿ ಸುಸಾನ್ ಶೇಫರ್ ಮೆಕಾಲೆ ಅವರ ಪುಸ್ತಕದ ಮೂಲಕ ಅಮೆರಿಕದ ಮನೆಪಾಠದ ಕುಟುಂಬಗಳು ಈ ಪದ್ಧತಿಯನ್ನು ಮತ್ತೆ ಕಂಡುಕೊಂಡಾಗ ದಾದಿಯೂ ಇರಲಿಲ್ಲ, ಶಿಕ್ಷಕಿಯೂ ಇರಲಿಲ್ಲ. ಅಡುಗೆ, ಹಸುಗೂಸು, ಪಾಠ, ಪ್ರಕೃತಿ ಟಿಪ್ಪಣಿ ಎಲ್ಲವೂ ಬಹಳ ಕಡೆ ತಾಯಿಯೊಬ್ಬಳ ಹೆಗಲೇರಿದವು. ಈ ಭಾರದ ಲೆಕ್ಕ ಹಾಕದೆ ಪದ್ಧತಿಯನ್ನು ಹೊಗಳುವುದು ಅನ್ಯಾಯ.

ಪಠ್ಯಗಳ ಪಟ್ಟಿಯೂ ಹಾಗೆಯೇ ಎತ್ತಿಕೊಳ್ಳುವಂಥದ್ದಲ್ಲ. ಅದರಲ್ಲಿದ್ದ, 1905ರ ‘ಅವರ್ ಐಲ್ಯಾಂಡ್ ಸ್ಟೋರಿ’ ಸಾಮ್ರಾಜ್ಯದ ಹೆಮ್ಮೆಯಲ್ಲಿ ಬರೆದ ಇತಿಹಾಸ. ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿದ್ದವರ ಮಕ್ಕಳಿಗೆ ಆ ಕಥೆ ಸಾಲದು.

ಹಾಗೆಂದು ಇದು ಸಿರಿವಂತರ ಹವ್ಯಾಸ ಎಂದು ತಳ್ಳಿಹಾಕುವಂತೆಯೂ ಇಲ್ಲ. 1914ರಲ್ಲಿ ಯಾರ್ಕ್‌ಷೈರಿನ ಡ್ರಿಗ್ಲಿಂಗ್ಟನ್ ಎಂಬ ಗಣಿ ಹಳ್ಳಿಯ ಸಾರ್ವಜನಿಕ ಶಾಲೆ ಇದೇ ಪುಸ್ತಕಗಳನ್ನು, ಇದೇ ಪುನರ್ಕಥನವನ್ನು ಕಾರ್ಮಿಕರ ಮಕ್ಕಳಿಗೆ ಕೊಟ್ಟಿತು. ಮಕ್ಕಳು ಸಂತೋಷದಿಂದ ಸ್ವೀಕರಿಸಿದರು. ಮೇಸನ್ ಅವರ ಅತ್ಯುತ್ತಮ ಚಿಂತನೆಗೆ ಮನೆಯೇ ಬೇಕೆಂದಿಲ್ಲ ಎಂಬುದಕ್ಕೆ ಆ ಶಾಲೆಯೇ ಸಾಕ್ಷಿ. ಮಗುವನ್ನು ಶಾಲೆಗೆ ಕಳಿಸುವ ತಂದೆತಾಯಿಯರೂ ಇದನ್ನು ಮಾಡಬಹುದು: ಒಂದು ಕಥೆಯನ್ನು ಒಮ್ಮೆ ಓದಿ ಹೇಳಿ, ಆಮೇಲೆ ಮಗು ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿ.